ನೆಕ್ಕಿದರೆ ಎದ್ದು ಹೋಗಬೇಕು

ನಮ್ಮ ಮನೆಯ ಬೆಕ್ಕಿಗೆ ನಾನು ಲೆಕ್ಕಕ್ಕೇ ಇಲ್ಲ. ಕೋಪವಾದರೂ ಇದ್ದಿದ್ದರೆ ಸಮಾಧಾನ ಮಾಡಬಹುದಿತ್ತು, ಅದೂ ಇಲ್ಲ. ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೇ ಮೈ ಚೆಲ್ಲಿ ಮಲಗುತ್ತದೆ. ನಾನು ಟೇಪು ಹಿಡಿದು ಬಂದರೆ ಒಂದೇ ಕಣ್ಣು ತೆರೆದು, 'ಓ, ನೀನಾ' ಅನ್ನುವ ಹಾಗೆ ನೋಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಇದೇ ಬೆಕ್ಕು ಒಂದಾನೊಂದು ಕಾಲದಲ್ಲಿ ನನ್ನ ಅಂಗಾಲು ನೆಕ್ಕದೆ ನಿದ್ದೆ ಮಾಡುತ್ತಿರಲಿಲ್ಲ ಅಂದರೆ ನೀವು ನಂಬುವುದಿಲ್ಲ. (ನನ್ನ ಹೆಂಡತಿ ನಂಬುತ್ತಾಳೆ. ನನ್ನ ಮಾತಿನಲ್ಲಿ ಅವಳು ನಂಬುವುದು ಇದೊಂದನ್ನೇ.)

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ದಿನ ಬೆಳಿಗ್ಗೆ ಬಾಗಿಲ ಹೊರಗಿಟ್ಟಿದ್ದ ಚಿಂದಿಬಟ್ಟೆ ಬುಟ್ಟಿಯೊಳಗಿಂದ ಕುಯ್ಯೋ ಅಂತ ಸದ್ದು. ಯಾರೋ ಪುಣ್ಯಾತ್ಮರು ಕಣ್ಣು ಬಿಟ್ಟು ಇನ್ನೂ ಸರಿಯಾಗಿ ಲೋಕ ನೋಡದ ಕಪ್ಪು ಮರಿಯೊಂದನ್ನು ಬಿಟ್ಟು ಹೋಗಿದ್ದರು. ಕೋಟಿನ ಗುಂಡಿಯಷ್ಟಿತ್ತು. (ಸರಿ, ಸ್ವಲ್ಪ ದೊಡ್ಡದಿತ್ತು.) ಹೆಂಡತಿ ಅದನ್ನು ಸೆರಗಲ್ಲಿ ಎತ್ತಿಕೊಂಡು ಬಂದಳು.

"ನೋಡೇ, ಇದೆಲ್ಲಾ ನಮಗೆ ಬೇಡ" ಅಂತ ಯಜಮಾನಿಕೆಯಿಂದ ಬೆರಳು ತೋರಿಸಿದೆ. ಮರಿ ಆ ಬೆರಳನ್ನು ನೆಕ್ಕಿತು.

"ಸ್ವಲ್ಪ ಹಾಲು ತಾರೇ" ಅಂದೆ.

ಹಾಗೆ ಬಂದ ಮರಿಗೆ ಗುಂಡಿ ಅಂತಲೇ ಹೆಸರಾಯಿತು. ಅದು ಆರಿಸಿಕೊಂಡ ಅರಮನೆ ನನ್ನ ಹೊಲಿಗೆ ಮಷೀನಿನ ಕೆಳಗಿನ ಜಾಗ. ಕಾಲಲ್ಲಿ ತುಳಿಯುವ ಹಳೇ ಮಷೀನು ಅದು. ನಾನು ತುಳಿಯುತ್ತಿದ್ದರೆ ಗುಂಡಿ ಪೆಡಲಿನ ಮೂಲೆಯಲ್ಲಿ ಕೂತು, ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ತೂಗುತ್ತಾ, ನನ್ನ ಪಾದವನ್ನು ಶ್ರದ್ಧಾಭಕ್ತಿಯಿಂದ ನೆಕ್ಕುತ್ತಿತ್ತು. ನಾಲಿಗೆಯೋ, ಸ್ಯಾಂಡ್‌ಪೇಪರು! ಆದರೂ ಏನು ಸುಖ ಅಂತೀರಿ! ಹುಟ್ಟಿದಾಗಿನಿಂದ ಯಾರಾದರೂ ನನ್ನನ್ನು ಅಷ್ಟು ಹಚ್ಚಿಕೊಂಡಿದ್ದರೆ ಕೇಳಿ.

"ರೀ, ಒಬ್ಬೊಬ್ಬರೇ ಯಾಕ್ರೀ ನಗ್ತಿದೀರಾ?" ಅಡುಗೆಮನೆಯಿಂದ ಪ್ರಶ್ನೆ.

"ಪ್ಯಾಂಟು ಚೆನ್ನಾಗಿ ಬರ್ತಿದೆ ಕಣೇ!"

ಪ್ಯಾಂಟು ಚೆನ್ನಾಗಿ ಬರಲಿಲ್ಲ. ಅದು ಹೆಡ್‌ಮಾಸ್ಟರರ ಪ್ಯಾಂಟು, ಮಾರನೆಯ ದಿನ ಶಾಲೆಯ ಗ್ರೂಪ್ ಫೋಟೋಗೆ ಹಾಕಿಕೊಳ್ಳುವಂಥದ್ದು. ಗುಂಡಿ ಅಂಗಾಲಿನ ನಟ್ಟನಡುವೆ ಒಮ್ಮೆ ನಾಲಿಗೆ ಎಳೆಯಿತು ನೋಡಿ, ನನ್ನ ಕಾಲು ತಾನೇ ತಾನಾಗಿ ಕುದುರೆ ಓಟ ಓಡಿತು. ಬೆಕ್ಕಿಗೆ ಚೆಲ್ಲಾಟ, ದರ್ಜಿಗೆ ಪ್ರಾಣಸಂಕಟ. ನಗು ನಿಂತ ಮೇಲೆ ಇಸ್ತ್ರಿ ಮಾಡಿ, ಮಡಚಿ, ಕಳಿಸಿಕೊಟ್ಟೆ. ಮಾರನೆಯ ಬೆಳಿಗ್ಗೆ ಹೆಡ್‌ಮಾಸ್ಟರರು ಪ್ಯಾಂಟಿನೊಳಗೆ ಹಾಕಿದ ಬಲಗಾಲು ಹೊರಗೆ ಬರಲೇ ಇಲ್ಲ. ಕೆಳಗಿನ ಬಾಯಿಯನ್ನೇ ನಾನು ಹೊಲಿದು ಮುಚ್ಚಿಬಿಟ್ಟಿದ್ದೆ. ಕಾಲು ಒದರಿ ಒದರಿ ಮಂಚದ ಮೇಲೆ ಬಿದ್ದರಂತೆ. ಫೋಟೋದಲ್ಲಿ ಹಳೇ ಪ್ಯಾಂಟಿನಲ್ಲೇ ಇದ್ದಾರೆ, ಮುಖ ಸಿಡಿಮಿಡಿ.

"ಆ ಬೆಕ್ಕಿನ ನಾಲಿಗೆ ನಿಲ್ಲಬೇಕು, ಇಲ್ಲಾ ನಿಮ್ಮ ಅಂಗಡಿ ನಿಲ್ಲುತ್ತೆ" ಅಂದಳು ಹೆಂಡತಿ. ಮಾತು ಸರಿಯೇ ಇತ್ತು. (ಅದೇ ಅವಳ ದೊಡ್ಡ ದೋಷ.) ಗುಂಡಿಯನ್ನು ಚೀಲದಲ್ಲಿಟ್ಟುಕೊಂಡು ಇಬ್ಬರೂ ಪ್ರಾಣಿಗಳ ಡಾಕ್ಟರ ಹತ್ತಿರ ಹೋದೆವು.

"ತಾಯಿಯಿಂದ ಬೇಗ ಬೇರೆಯಾದ ಮರಿ" ಅಂದರು ಡಾಕ್ಟರಮ್ಮ. "ನಿಮ್ಮನ್ನೇ ತನ್ನವರು ಅಂದ್ಕೊಂಡಿದೆ. ಬೆಕ್ಕುಗಳು ತಮ್ಮವರನ್ನ ನೆಕ್ಕಿ ಚೊಕ್ಕಟ ಮಾಡ್ತವೆ."

"ಪಾಪ, ಮನೆಯಲ್ಲಿ ಯಾರು ಕೊಳಕು ಅಂತ ಅದಕ್ಕೂ ಗೊತ್ತಾಗಿದೆ" ಅಂದಳು ಹೆಂಡತಿ.

"ಬಿಡಿಸೋದು ಹೇಗೆ ಡಾಕ್ಟ್ರೇ?" ಅಂದೆ.

"ಬೈಬೇಡಿ, ಹೊಡೀಬೇಡಿ. ನೆಕ್ಕಿದ ತಕ್ಷಣ ಏನೂ ಮಾತಾಡದೆ ಎದ್ದು ಬೇರೆ ಕೋಣೆಗೆ ಹೋಗಿ. ಆಮೇಲೆ ಬಂದು ದಾರದ ಉಂಡೆ ಕೊಟ್ಟು ಆಟ ಆಡಿಸಿ. ನೆಕ್ಕಿದರೆ ಇವರು ಹೋಗಿಬಿಡ್ತಾರೆ ಅಂತ ತಾನೇ ಕಲಿಯುತ್ತೆ."

"ಎದ್ದು ಹೋಗೋದಾ? ನಾನು ಬಾಯಿ ತೆರೆದರೆ ಇವರು ಮಾಡೋದು ಅದನ್ನೇ. ಅಭ್ಯಾಸವೇ ಬೇಡ!" ಅಂದಳು ಹೆಂಡತಿ.

ಅಂದಿನಿಂದ ನನ್ನ ಕಠಿಣ ವ್ರತ ಶುರು. ಗುಂಡಿ ನೆಕ್ಕಿದರೆ ನಾನು ಎದ್ದು ಹಿತ್ತಲಿಗೆ. ಬಂದು ಕೂತರೆ ಮತ್ತೆ ನೆಕ್ಕುತ್ತಿತ್ತು, ಮತ್ತೆ ಹಿತ್ತಲಿಗೆ. ದಾರದ ಉಂಡೆ ಎಸೆದರೆ ಅದು ಉಂಡೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿತ್ತು. ತಾನೇನು ತಪ್ಪು ಮಾಡಿದೆ ಅಂತ ಕೇಳುವ ಹಾಗೆ. ಆದರೂ ಎದ್ದು ಹೋದೆ, ಹೊಟ್ಟೆಪಾಡು. ಕೊನೆಗೊಂದು ದಿನ ಗುಂಡಿ ಪೆಡಲಿನಿಂದ ಇಳಿದು, ಅಡುಗೆಮನೆಗೆ ಹೋಗಿ ನನ್ನ ಹೆಂಡತಿಯ ಮೊಣಕೈ ನೆಕ್ಕತೊಡಗಿತು. ಅವಳು ಎದ್ದೇ ಹೋಗಲಿಲ್ಲ!

"ನೀನ್ಯಾಕೆ ಏಳಲ್ಲ?"

"ನನ್ನ ಮೊಣಕೈಯಲ್ಲಿ ಯಾರ ಪ್ಯಾಂಟು ಹೊಲಿಯೋದಿದೆ?"

ವರ್ಷಗಳು ಉರುಳಿದವು. ನನ್ನ ಹೊಲಿಗೆ ಗೆರೆ ಎಳೆದ ಹಾಗೆ ನೆಟ್ಟಗೆ. ಹೆಡ್‌ಮಾಸ್ಟರರು ರಿಟೈರಾದರೂ ಬಟ್ಟೆ ನನಗೇ ಕೊಡುತ್ತಾರೆ, ಒಯ್ಯುವ ಮುಂಚೆ ಎರಡೂ ಕಾಲಿನೊಳಗೆ ಕೈ ತೂರಿಸಿ ಆಚೆ ತೆಗೆದು ನೋಡುತ್ತಾರೆ, ಅಷ್ಟೆ. ಆದರೆ ಮಷೀನಿನ ಕೆಳಗಿನ ಜಾಗ ಖಾಲಿ. ಪಾದಕ್ಕೆ ಬರೀ ಕಬ್ಬಿಣದ ತಣ್ಣಗಿನ ಪೆಡಲು. ನಿಜ ಹೇಳಬೇಕೆಂದರೆ, ಆ ಸ್ಯಾಂಡ್‌ಪೇಪರ್ ನಾಲಿಗೆಗಾಗಿ ನಾನು ತುಂಬಾ ಹಂಬಲಿಸುತ್ತಿದ್ದೆ.

ಮೊನ್ನೆ ಹೆಂಡತಿ ತರಕಾರಿಗೆ ಹೋದಳು. ನಾನು ಬೆಣ್ಣೆ ಡಬ್ಬಿ ತೆಗೆದು, ಎರಡೂ ಅಂಗಾಲಿಗೆ ಚೆನ್ನಾಗಿ ಬಳಿದುಕೊಂಡು, ಹೆಡ್‌ಮಾಸ್ಟರರ ಹೊಸ ಪ್ಯಾಂಟು ಮಷೀನಿಗೆ ಕೊಟ್ಟು, ಏನೂ ಅರಿಯದವನಂತೆ ತುಳಿಯತೊಡಗಿದೆ.

ಮೇಜಿನ ಮೇಲಿಂದ ಧೊಪ್ ಅಂತ ಸದ್ದು. ಬಂತು. ಮೂಸಿತು. ನೆಕ್ಕಿತು! ಅದೇ ನಾಲಿಗೆ, ಅದೇ ಕಚಗುಳಿ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಗುಂಡಿ, ನನ್ನ ಕಂದಾ" ಅಂದು, ಬಗ್ಗಿ, ನೆಕ್ಕಲಿಲ್ಲ ಅಷ್ಟೇ, ಅದರ ತಲೆಗೆ ಮುತ್ತಿಟ್ಟೆ.

ಗುಂಡಿ ನನ್ನನ್ನು ಒಮ್ಮೆ ನೋಡಿತು. ಸದ್ದಿಲ್ಲದೆ ಎದ್ದು ಬೇರೆ ಕೋಣೆಗೆ ಹೋಯಿತು.

"ನೀವೇ ಕಲಿಸಿದ ವಿದ್ಯೆ" ಅಂತ ಬಾಗಿಲಿಂದ ಧ್ವನಿ. ಹೆಂಡತಿ ತರಕಾರಿ ಚೀಲ ಹಿಡಿದು ಯಾವಾಗಿನಿಂದ ನಿಂತಿದ್ದಳೋ. "ಬೆಕ್ಕು ಕಣ್ಮುಚ್ಚಿ ಹಾಲು ಕುಡಿಯುತ್ತೆ ಅಂತಾರೆ. ಈ ಮನೆಯಲ್ಲಿ ಆ ಬುದ್ಧಿ ಬೆಕ್ಕಿಗಿಲ್ಲ, ನಿಮಗಿದೆ. ಒಂದು ಡಬ್ಬಿ ಬೆಣ್ಣೆ!"

ಹತ್ತಿರ ಬಂದು ಮಷೀನಿನಿಂದ ಪ್ಯಾಂಟು ಎತ್ತಿದಳು. ಒಂದು ಕಾಲಿನೊಳಗೆ ಕೈ ತೂರಿಸಿದಳು. ಕೈ ಆಚೆ ಬರಲಿಲ್ಲ.

ನಾನು ಬೈಗುಳಕ್ಕೆ ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಹೊಡೆಯಲಿಲ್ಲ. ಪ್ಯಾಂಟನ್ನು ನನ್ನ ಮಡಿಲಲ್ಲಿಟ್ಟು, ಏನೂ ಮಾತಾಡದೆ ಅಡುಗೆಮನೆಗೆ ಹೋದಳು. ಅಲ್ಲಿಂದ ಗುಂಡಿಯ ಗುರುಗುರು ಕೇಳಿಸಿತು. ನಾನು ಬೆಣ್ಣೆ ಕಾಲು ಒರೆಸಿಕೊಂಡು, ಹೊಲಿಗೆ ಬಿಚ್ಚುತ್ತಾ ಕೂತೆ. ಆಮೇಲೆ ಬಾಗಿಲಲ್ಲಿ ಇಬ್ಬರೂ ಬಂದು ನಿಂತರು. ಹೆಂಡತಿ ನನ್ನ ಕಡೆಗೆ ದಾರದ ಉಂಡೆ ಎಸೆದಳು.