ಕೊಂಢವಾದ ಬೇವಿನ ಮರ ಮತ್ತು ನನ್ನ ಭಕ್ತಿಬರಹ

ಯಾವುದೇ ಜಾಗವನ್ನು ಭಕ್ತಿಯಿಂದ ವರ್ಣಿಸಬೇಕಾದರೆ ಅದರಿಂದ ತುಸು ದೂರವೇ ಇರುವುದು ಒಳ್ಳೆಯದು. ಹತ್ತಿರ ಹೋದರೆ ಸೊಳ್ಳೆ ಕಚ್ಚುತ್ತದೆ. ಸೊಳ್ಳೆ ಹೊಡೆಯುತ್ತ ಧ್ಯಾನ ಮಾಡುವ ಕಲೆ ನನಗಿನ್ನೂ ಒಲಿದಿಲ್ಲ.

ಪುಣೆಯ ನಮ್ಮ ಕನ್ನಡ ಚರ್ಚಿನ ಮಾಸಪತ್ರಿಕೆಯಲ್ಲಿ ‘ದೇವರು ಸಿಕ್ಕ ಜಾಗ’ ಎಂಬ ಅಂಕಣವಿದೆ. ಒಬ್ಬರು ಯೆರೂಸಲೇಮಿನ ಬಗ್ಗೆ ಬರೆದರು, ಇನ್ನೊಬ್ಬರು ಗಲಿಲಾಯ ಸಮುದ್ರದ ಬಗ್ಗೆ. ಪಾಸ್ಟರು ನನ್ನನ್ನೂ ಕೇಳಿದರು. ನಾನು ನಿತ್ಯ ಯಾತ್ರೆ ಹೋಗುವ ಕ್ಷೇತ್ರವೆಂದರೆ ಹಡಪಸರದ ಆಫೀಸು. ಅಲ್ಲಿ ದೇವರನ್ನು ನೆನೆಯುವುದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಾತ್ರ. ಹೀಗಾಗಿ ಕೊಂಢವಾ ಬಡಾವಣೆಯ ನಮ್ಮ ಕಟ್ಟಡದ ಹಿಂದಿನ ಬೇವಿನ ಮರವನ್ನೇ ಹಿಡಿದೆ. ನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿ ಕೂತು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಅದನ್ನು ನೋಡುತ್ತ, ‘ಆ ನೆರಳಿನ ಮೌನದಲ್ಲಿ ಎಲೆಗಳೇ ಕೀರ್ತನೆ ಹಾಡುತ್ತವೆ’ ಎಂದು ಬರೆದೆ. ಬರೆದು ಕಣ್ಣೊರೆಸಿಕೊಂಡೆ. “ನಾ ಉಳ್ಳಾಗಡ್ಡಿ ಹೆಚ್ಚಾಕ್ಹತ್ತೀನಿ, ಅದಕ್ರಿ,” ಎಂದಳು ಹೆಂಡತಿ ಸುಗುಣಾ.

ಲೇಖನ ಅಚ್ಚಾದ ಮೇಲೆ ಒಂದು ಭಾನುವಾರ ಆರಾಧನೆ ಮುಗಿಯುತ್ತಿದ್ದಂತೆ ಸಾರಮ್ಮ ನನ್ನ ತೋಳು ಹಿಡಿದರು. ಗದಗಿನ ಕಡೆಯವರು, ನಿವೃತ್ತ ನರ್ಸ್. “ಭಾಳ ಚಂದ ಬರದೀರಿ. ಆ ಗಿಡ ನಮಗೂ ತೋರಸ್ರಿ. ಅಲ್ಲೇ ಪ್ರಾರ್ಥನಾ ಮಾಡೋಣು.” ನಾನು ಬಿಸಿಲು, ಮಂಡಿನೋವು ಎಂದೆಲ್ಲ ಹೇಳಿ ನೋಡಿದೆ. ಎರಡು ಆಟೋ ಆಗಲೇ ಬಂದು ನಿಂತಿದ್ದವು.

ಮರದ ಬುಡದಲ್ಲಿ ಕಾಂಕ್ರೀಟ್ ಮಿಕ್ಸರ್ ಗುಡುಗುತ್ತಿತ್ತು. ಪಕ್ಕದಲ್ಲೇ ಹೊಸ ಕಟ್ಟಡ ಏಳುತ್ತಿತ್ತು. ಕೊಂಬೆಗಳ ಮೇಲೆ ಕೂಲಿಯವರ ಬಟ್ಟೆ ಒಣಗುತ್ತಿತ್ತು. ಬೆಂಗಳೂರಿನಿಂದ ಬಂದು ಇಲ್ಲಿ ಐಟಿಯಲ್ಲಿರುವ ಪ್ರೀತಿ ನಾಲ್ಕೂ ಕಡೆ ನೋಡಿ, “ಅಂಕಲ್, ಲೊಕೇಶನ್ ಕರೆಕ್ಟಾ? ಸೈಲೆನ್ಸ್ ಯಾವ ಸೈಡಲ್ಲಿದೆ?” ಎಂದಳು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು. ಆದರೆ ನೆಲಕ್ಕೆ ಆಗಲೇ ಸಿಮೆಂಟು ಹಾಕಿದ್ದರು.

ಸಾರಮ್ಮ ಮಾತ್ರ ಇಟ್ಟಂಗಿಯ ರಾಶಿಯ ಮೇಲೆ ಆರಾಮಾಗಿ ಕೂತರು. ತಲೆಯ ಮೇಲೆ ಸಿಮೆಂಟಿನ ಪುಟ್ಟಿ ಹೊರುತ್ತಿದ್ದ ಹೆಣ್ಣುಮಗಳೊಬ್ಬಳು ನಮ್ಮ ಮಾತು ಕೇಳಿ ಓಡಿಬಂದಳು. “ಯವ್ವಾ, ಕನ್ನಡದವ್ರೇನ್ರಿ? ನಮ್ದು ಯಾದಗಿರಿ!” ಅವಳ ಹೆಸರು ನಾಗಮ್ಮ. ಚೊಂಬಿನಲ್ಲಿ ನೀರು ಕೊಟ್ಟು ಮೇಲೆ ಬೆರಳು ತೋರಿಸಿದಳು. ಅವಳ ಗಂಡ ತುದಿಯ ಮಹಡಿಯ ಸಾರುವೆಯ ಮೇಲೆ ನಿಂತಿದ್ದ. “ಹೋದವಾರ ಅಲ್ಲಿಂದ ಒಬ್ಬಂವ ಬಿದ್ದಾನ್ರಿ. ದವಾಖಾನ್ಯಾಗ ಅದಾನ. ಇವತ್ತ ನನ್ನ ಜೀವದಾಗ ಜೀವ ಇಲ್ಲ.”

ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಚೆಂದ ಬರೆದವನು ಪ್ರಾರ್ಥಿಸದೆ ಇರುತ್ತಾನೆಯೇ? ಕಣ್ಣು ಮುಚ್ಚಿದೆ. ‘ಓ ಅನಂತ ಕೃಪಾಸಾಗರನೇ’ ಎಂದೇನೋ ಆಯಿತು. ಮುಂದೆ ಒಂದು ಮಾತೂ ಹೊರಡಲಿಲ್ಲ. ಮಿಕ್ಸರ್ ಗುಡುಗುತ್ತಲೇ ಇತ್ತು. ಕೊನೆಗೆ ಸಾರಮ್ಮ ನಾಗಮ್ಮನ ಕೈ ಹಿಡಿದು ಅದರ ಸದ್ದನ್ನೂ ಮೀರಿಸಿ ಕೂಗಿದರು: “ದೇವ್ರೇ, ಮ್ಯಾಲ ಹತ್ತಿದವ್ರನ್ನ ಸುರಕ್ಷಿತ ಕೆಳಗ ಇಳಸಪ್ಪಾ. ಆಮೆನ್.”

ಊಟದ ಹೊತ್ತಿಗೆ ನಾಗಮ್ಮನ ಗಂಡ ಇಳಿದು ಬರುವವರೆಗೂ ನಾವು ಯಾರೂ ಕದಲಲಿಲ್ಲ. ಬಂದವನು ನಮ್ಮ ಗುಂಪು ಕಂಡು, ಯಾರೋ ಸಾಹೇಬರು ತಪಾಸಣೆಗೆ ಬಂದಿದ್ದಾರೆಂದು ಹೆದರಿ ನನಗೇ ಸಲಾಂ ಹೊಡೆದ. ನಾಗಮ್ಮ ನಗುತ್ತ ಅತ್ತಳು. ನನಗೂ ಕಣ್ಣು ತೇವವಾಯಿತು. ಅಲ್ಲಿ ಉಳ್ಳಾಗಡ್ಡಿ ಇರಲಿಲ್ಲ.

ಈ ಸಂಗತಿಯನ್ನೂ ಬರೆಯಿರಿ ಎಂದರು ಪಾಸ್ಟರು. ಈ ಸಲ ಪ್ರಾಮಾಣಿಕವಾಗಿ ಮರದಡಿಗೇ ಹೋಗಿ ಇಟ್ಟಂಗಿಯ ರಾಶಿಯ ಮೇಲೆ ಕೂತೆ. “ಅಣ್ಣಾ, ಏಳ್ರಿ, ಇಟ್ಟಂಗಿ ಬೇಕಾಗ್ಯಾವ,” ಎಂದು ನಾಗಮ್ಮ ಪದೇ ಪದೇ ಎಬ್ಬಿಸಿದ್ದರಿಂದ ನಿಂತೇ ಬರೆದು ಮುಗಿಸಿದೆ; ಲೇಖನ ಮೊದಲಿನದರ ಅರ್ಧವೂ ಆಗಲಿಲ್ಲ. ಓದಿದ ಪಾಸ್ಟರು ಬೆನ್ನು ತಟ್ಟಿ ಹೇಳಿದರು, “ಈಗ ನೋಡ್ರಿ, ನಿಮ್ಮೊಳಗ ಆತ್ಮಿಕ ಬೆಳವಣಿಗಿ ಕಾಣಾಕ್ಹತ್ತೈತಿ.”