ಮನಿರೊಟ್ಟಿಗೆ ಎಕಾರದ ಕಾಟ

ಬನಹಟ್ಟಿಯ ಪರಮಾನಂದ ಮಾಸ್ತರರು ಬೆಳಗಿನ ಎರಡನೆಯ ಚಹಾ ಬಾಯಿಗಿಡುವ ಹೊತ್ತಿಗೆ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಹೆಂಡತಿ ಶೈಲಾಳ ಫೋನು ಬಡಿದುಕೊಂಡಿತು. ತೇರದಾಳದಿಂದ ಪೂರ್ಣಿಮಾ ಎಂಬ ಗಿರಾಕಿ. ತಮ್ಮನ ಮದುವೆಗೆ ರೊಟ್ಟಿ ಹೇಳುವ ಮುನ್ನ ನೋಡೋಣವೆಂದು ಒಂದು ಪೊಟ್ಟಣ ತರಿಸಿದ್ದಳಂತೆ.

"ನಿಮ್ಮ ಖಡಕ್ ರೊಟ್ಟಿ ಮಡಚಿ ಕಿಸೆದಾಗ ಇಟ್ಕೋಬಹುದು ನೋಡ್ರಿ ಅಕ್ಕಾರ, ಕರ್ಚೀಪಿನಂಗ."

ಶೈಲಾ ಸಿಟ್ಟಾಗಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ, "ಒಂದು ರೊಟ್ಟಿ ಫೋನಿನ ಬಾಜೂಕ ಹಿಡದು ಮುರೀರಿ," ಎಂದಳು. ಆ ಕಡೆಯಿಂದ ರೊಟ್ಟಿ ಮುರಿದ ಸದ್ದೇ ಬರಲಿಲ್ಲ. "ಇದು ನಮ್ಮದಲ್ಲರಿ."

ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಶೈಲಾಳ ರೊಟ್ಟಿ ಮುರಿದರೆ ಓಣಿಯ ಮಗ್ಗಗಳ ಗದ್ದಲದಲ್ಲೂ ಕೇಳಿಸುತ್ತದೆ. ಪೊಟ್ಟಣದ ಮೇಲೆ ಬೇರೆ ಯಾರದೋ ಹೆಸರಿದೆ ಎಂದು ಪೂರ್ಣಿಮಾಳೂ ಒಪ್ಪಿದಳು. ಆದರೆ ತಾನು ಮೊಬೈಲಿನಲ್ಲಿ ಒತ್ತಿದ್ದು ಶೈಲಾಳ ಹೆಸರನ್ನೇ ಎಂದು ಪಟ್ಟು ಹಿಡಿದಳು. ಇನ್ನೊಂದು ಕಡೆ ವಿಚಾರಿಸುತ್ತೇನೆಂದು ಹೇಳಿ ಫೋನಿಟ್ಟಳು. ಮದುವೆಯ ಊಟದಲ್ಲಿ ಹೋದ ಹೆಸರು ಊರೆಲ್ಲ ಹೋದಂತೆಯೇ.

"ಶೈಲಾ ಮನಿರೊಟ್ಟಿ" ಎಂಬುದು ಟ್ರೇಡ್‌ಮಾರ್ಕ್ ಮಾಡಿಸಿದ ಹೆಸರು; ಅದೇ ಹೆಸರಿನ ಜಾಲತಾಣದಲ್ಲಿ ರೊಟ್ಟಿಯ ಮಾರಾಟ. ಅದಕ್ಕಾಗಿ ಕಚೇರಿ, ವಕೀಲರು ಎಂದು ಓಡಾಡಿದವಳು ಶೈಲಾ. ಮಾಸ್ತರರ ಕೊಡುಗೆ ಒಂದು ಆಕ್ಷೇಪಣೆ ಮಾತ್ರ. ಕನ್ನಡ ಕಲಿಸುವವನ ಮನೆಯಿಂದ "ಮನಿ" ಎಂದು ಹೊರಡುವುದು ಸರಿಯಲ್ಲ, "ಮನೆ" ಎಂದೇ ಇರಲಿ ಎಂದು ಅವರು ಬೇಡಿಕೊಂಡಿದ್ದರು.

"ಮನೆರೊಟ್ಟಿ ಅಂದ್ರ ಮೈಸೂರ ಕಡಿ ರೊಟ್ಟಿ ಅಂತಾರ್ರಿ ಮಂದಿ," ಎಂದು ಅವಳು ಅದನ್ನು ತಳ್ಳಿಹಾಕಿದ್ದಳು.

ಈಗ ಮಾಸ್ತರರು ಲುಂಗಿ ಬಿಗಿದುಕೊಂಡು ಎದ್ದರು. ಹೆಸರಿನ ಒಂದಕ್ಷರ ತಿರುಚಿ ಜಾಲತಾಣ ತೆರೆದು ಗಿರಾಕಿ ಕದಿಯುವ ಕಳ್ಳರ ಬಗ್ಗೆ ಅವರು ಪತ್ರಿಕೆಯಲ್ಲಿ ಓದಿದ್ದರು. ಓದಿದ ದಿನವೇ, ಕಳ್ಳರಿಗೆ ಸಿಗಬಾರದೆಂದು, ಶೈಲಾಳ ಹೆಸರಿನ ಅಂಥ ತಿರುಚಿದ ಜಾಲತಾಣ ವಿಳಾಸಗಳನ್ನೆಲ್ಲ ತಾವೇ ಕೊಂಡಿದ್ದರು. (ಖಾಲಿ ಮನೆಗೆ ಬೀಗ ಜಡಿದಷ್ಟೇ ಭದ್ರ ಎಂದುಕೊಂಡು ಮತ್ತೆ ತೆರೆದು ನೋಡಿರಲಿಲ್ಲ.)

"ನಾ ಎಲ್ಲಾ ಹೆಸರು ತಗೊಂಡೇನಿ. ಆದ್ರೂ ಒಬ್ಬಾಂವ ಸಂದ್ಯಾಗ ನುಸುಳ್ಯಾನ," ಎಂದು ಅವರು ದೂರು ಬರೆಯಲು ಕುಳಿತರು. "ನಾಮಚೌರ್ಯವೆಂಬ ಘೋರ ಪಾತಕವನ್ನೆಸಗಿದ ಸದರಿ ದುರುಳನನ್ನು" ಎಂಬಲ್ಲಿಗೆ ಬರುವಷ್ಟರಲ್ಲಿ ಶೈಲಾ ಹಿಟ್ಟಿನ ಕೈ ತೊಳೆದು, ಪೂರ್ಣಿಮಾಳಿಗೆ ಫೋನು ಹಚ್ಚಿ, ಒತ್ತಿದ್ದನ್ನು ಒಂದೊಂದೇ ಅಕ್ಷರವಾಗಿ ಓದಲು ಹೇಳಿದ್ದಳು. ಫೋನಿನ ಸ್ಪೀಕರು ಜೋರಾಗಿಯೇ ಇತ್ತು.

"ಶೈಲಾ ಆದ ಮ್ಯಾಲೆ ಎಂ, ಎ, ಎನ್, ಇ."

"ಐ ಒತ್ತಬೇಕಿತ್ತಲ್ಲರಿ. ಮನಿ."

"ಮನಿ ಅಂತ ಬರದರ ಬನಹಟ್ಟಿ ಸಾಲ್ಯಾಗ ಪರಮಾನಂದ ಮಾಸ್ತರು ಕಿವಿ ಹಿಂಡತಿದ್ರು. ಆ ಚಟ ಇನ್ನೂ ಹೋಗಿಲ್ಲ ನೋಡ್ರಿ."

ಮಾಸ್ತರರ ಪೆನ್ನು ದುರುಳನ ಮೇಲೆಯೇ ನಿಂತಿತು. ಎಕಾರದ ಆ ವಿಳಾಸ ಅವರು ಕೊಂಡವುಗಳಲ್ಲಿ ಮೊದಲನೆಯದು. ಖಾಲಿ ಬಿಟ್ಟ ವಿಳಾಸದಲ್ಲಿ ಅದನ್ನು ಮಾರಿದ ಕಂಪನಿಯವರೇ ಜಾಹೀರಾತು ತೂಗುಹಾಕಿದ್ದರು. ಅಲ್ಲಿ ಬೇರೆ ಊರಿನ ಮೆತ್ತನೆಯ ರೊಟ್ಟಿಯೊಂದು ಶೈಲಾಳ ಹೆಸರಿನ ಕೆಳಗೆ ನಗುತ್ತಿತ್ತು; ಪೂರ್ಣಿಮಾ ಒತ್ತಿ ತರಿಸಿದ್ದು ಅದನ್ನೇ.

ಶೈಲಾ ದೂರಿನ ಹಾಳೆಯನ್ನು ತಿರುಗಿಸಿಕೊಂಡು ನಿಧಾನವಾಗಿ ಓದಿದಳು. "ಛಲೋ ಬರದೀರಿ. ದುರುಳನ ವಿಳಾಸ ನಾ ಹೇಳ್ಲೇನು?"

ಮಾಸ್ತರರು ಆರಿದ ಚಹಾ ಕುಡಿದರು. ಅವಳು ಬೈಯಲಿಲ್ಲ, ಅದೇ ಅವರಿಗೆ ಹೆಚ್ಚು ನಾಟಿತು. ಮಧ್ಯಾಹ್ನದೊಳಗೆ ಅವರು ಕೊಂಡ ಅಷ್ಟೂ ತಪ್ಪು ವಿಳಾಸಗಳನ್ನು ಅವಳು ತನ್ನ ಜಾಲತಾಣದ ಕಡೆಗೆ ತಿರುಗಿಸಿದಳು. ಮದುವೆಯ ರೊಟ್ಟಿ ಬೇರೆಯವರಿಗೆ ಹೇಳುವ ಮುನ್ನ ಒಮ್ಮೆ ಖರೆ ಶೈಲಾ ರೊಟ್ಟಿ ನೋಡುವಂತೆ ಪೂರ್ಣಿಮಾಳನ್ನು ಒಪ್ಪಿಸಿದಳು. ಯಾರು ತರುತ್ತಾರೆಂದು ಮಾತ್ರ ಹೇಳಲಿಲ್ಲ. ಶೈಲಾಳಂಥ ಹೆಣ್ಣು ತಮ್ಮ ಕ್ಲಾಸಿನಲ್ಲಿ ಕಲಿಯದಿದ್ದದ್ದೇ ಒಳ್ಳೆಯದಾಯಿತು ಎನಿಸಿತು ಮಾಸ್ತರರಿಗೆ.

ರವಿವಾರ ಮೊದಲ ಬಸ್ಸಿಗೆ ಪರಮಾನಂದ ಮಾಸ್ತರರು ರೊಟ್ಟಿ ಪೊಟ್ಟಣ ಹಿಡಿದು ತೇರದಾಳಕ್ಕೆ ಹೋಗುತ್ತಾರೆ. ಪೂರ್ಣಿಮಾಳ ಎದುರಿಗೆ ಅವರೇ ಅದನ್ನು ಮುರಿದು ಸದ್ದು ಕೇಳಿಸಬೇಕು.