ಸಾಹೇಬರ ಹಾಪ್ಸ್ ಬಳ್ಳಿಗೆ ನಾನು ಮಾಡಿದ ವೈದ್ಯ

ಇಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಬೇಕಾದರೆ ಪಾಸ್‌ಬುಕ್ಕಿನ ಮೇಲೆ ಕೈಯಿಟ್ಟು ಹೇಳುತ್ತೇನೆ. ನಾನು ಬಾಯಿ ತೆರೆದರೆ ಸಾಕು, ಇಂಥದ್ದೊಂದು ನನ್ನ ಕೊರಳಿಗೇ ಬಂದು ಬೀಳುತ್ತದೆ. ಹುಬ್ಬಳ್ಳಿಯವನಾದ ನನ್ನನ್ನು ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ಹಾಕಿ ನಾಲ್ಕು ವರ್ಷವಾಗಿತ್ತು. ಊರಿಗೆ ವರ್ಗ ಕೇಳಿ ಕೇಳಿ ದಣಿದಿದ್ದೆ.

೧. ರೋಗಿ ಮನೆಗೆ ಬಂದದ್ದು

೨೦೧೬ರ ಬೇಸಿಗೆ. ನಮ್ಮ ಮ್ಯಾನೇಜರ್ ಸಾಹೇಬರು ಮೈಸೂರಿನವರು. ಋಷಿಕೊಂಡದ ಮನೆಯ ಬಾಲ್ಕನಿಯಲ್ಲಿ ಹಾಪ್ಸ್ ಬಳ್ಳಿ ಬೆಳೆಸಿದ್ದರು. ಬಿಯರಿಗೆ ಕಹಿ ಬರುವುದು ಇದರ ಹೂವಿನಿಂದ. ತಂಪು ಸೀಮೆಯ ಬಳ್ಳಿ, ಇಲ್ಲಿನ ಸೆಕೆಗೆ ಎಲೆ ಹಳದಿಯಾಗಿ ಉದುರುತ್ತಿತ್ತು. ಊಟದ ಹೊತ್ತಿನಲ್ಲಿ ನಾನು ಸುಮ್ಮನಿರಲಾರದೆ, ಬಾಗಿಲ ಚೌಕಟ್ಟನ್ನೂ ಚಿಗುರಿಸಿದ ಕೈ ಇದು ಎಂದೆ. ಮರುದಿನವೇ ಕುಂಡ ಪೆಂಡುರ್ತಿಯ ನನ್ನ ಮನೆಗೆ ಬಂತು. ಸಾಹೇಬರು ಎರಡು ತಿಂಗಳ ತರಬೇತಿಗೆ ಹೊರಟಿದ್ದರು.

"ಬಳ್ಳಿ ಉಳಿಸಿಕೊಡಿ. ನಿಮ್ಮ ವರ್ಗಕ್ಕೆ ನಾನೇ ಶಿಫಾರಸು ಬರೀತೀನಿ," ಎಂದರು.

ಹಳದಿ ಎಂದರೆ ಹಸಿವು ಎಂದು ರೋಗ ಪತ್ತೆ ಹಚ್ಚಿದೆ. ಎರಡು ಮುಷ್ಟಿ ಯೂರಿಯಾ ಸುರಿದೆ. ಮೂರೇ ದಿನದಲ್ಲಿ ಹಳದಿ ಮಾಯವಾಯಿತು. ಹಳದಿಯಾಗಿದ್ದ ಎಲೆಗಳೆಲ್ಲ ಸುಟ್ಟು ಕಂದಾಗಿದ್ದವು.

೨. ತಜ್ಞರ ಅಭಿಪ್ರಾಯ

ನನ್ನ ಹೆಂಡತಿ ವಿಜಯವಾಡದವಳು. ಅವಳ ತಮ್ಮನಿಗೆ ಗವರ್ನರ್‌ಪೇಟೆಯಲ್ಲಿ ಬೀಜ, ಕ್ರಿಮಿನಾಶಕದ ಅಂಗಡಿ. ಎಲೆಯ ಫೋಟೋ ಕಳಿಸಬಹುದಿತ್ತು. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ಸವೆದವನಿಗೆ ಮೂಲಪ್ರತಿ ಇಲ್ಲದೆ ಸಮಾಧಾನವಿಲ್ಲ. ಒಂದು ಎಲೆ ಕಿತ್ತು, ಲಕೋಟೆಗೆ ಹಾಕಿ, ಅರಗು ಕಾಯಿಸಿ ಮೊಹರು ಒತ್ತಿ, ವಿಜಯವಾಡಕ್ಕೆ ಹೊರಟಿದ್ದ ಸಹೋದ್ಯೋಗಿಯ ಕೈಗೆ ಕೊಟ್ಟೆ. ಆತ ಅದನ್ನು ಪ್ಯಾಂಟಿನ ಹಿಂಜೇಬಿನಲ್ಲಿಟ್ಟು, ಆರೇಳು ತಾಸು ರೈಲಿನಲ್ಲಿ ಅದರ ಮೇಲೆಯೇ ಕೂತ.

ಸಂಜೆ ಭಾವಮೈದುನನ ಫೋನು. "ಬಾವಗಾರು, ನೀವು ಕಳಿಸಿದ್ದು ಎಲೆಯಲ್ಲ, ಅಸ್ಥಿ. ಹೇಗೂ ಕೃಷ್ಣೆ ಹತ್ತಿರವೇ ಇದೆ, ಬಿಟ್ಟುಬರಲಾ?"

೩. ಔಷಧಿ

ಕೊನೆಗೆ ಫೋಟೋ ತರಿಸಿಕೊಂಡು, ಎಲೆ ತಿರುವಿ ನೋಡಿ ಎಂದ. ಎಲೆಯಡಿ ತೆಳ್ಳನೆಯ ಬಲೆ, ಅದರಲ್ಲಿ ಕೆಂಪು ಚುಕ್ಕೆಗಳ ಓಡಾಟ. ನುಸಿ! ಬೇವಿನೆಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ, ಬಿಸಿಲಿಳಿದ ಮೇಲೆ ಎಲೆಯಡಿಗೆ ಸಿಂಪಡಿಸಬೇಕಂತೆ. ಸಂಜೆಯವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಭಾನುವಾರ ಮಟಮಟ ಮಧ್ಯಾಹ್ನ ಅಂಗಾತ ಮಲಗಿ, ಒಂದೊಂದು ಎಲೆಗೂ ಎಣ್ಣೆ ಕುಡಿಸಿದೆ. ಸಂಜೆಗೆ ಎಲೆಯೆಲ್ಲ ಹಪ್ಪಳ. ನುಸಿ ಸತ್ತವೇ ಎಂದು ಭಾವಮೈದುನ ಕೇಳಿದ. ಸತ್ತಿರಬೇಕು, ತಿನ್ನಲು ಏನೂ ಉಳಿದಿಲ್ಲ ಎಂದೆ.

೪. ಗುಣವಾದದ್ದು

ಬಳ್ಳಿಯನ್ನು ಬುಡದವರೆಗೆ ಕತ್ತರಿಸಿ, ನೆರಳಿಗಿಟ್ಟು, ಕೈಮುಗಿದು ದೂರ ಸರಿದೆ. ನಾನು ದೂರ ಸರಿದದ್ದೇ ಔಷಧಿಯಾಯಿತೋ ಏನೋ, ಹದಿನೈದು ದಿನಕ್ಕೆ ಬುಡದ ತುಂಬ ಚಿಗುರು. ತರಬೇತಿ ಮುಗಿಸಿ ಬಂದ ಸಾಹೇಬರನ್ನು ಭಾನುವಾರದ ಊಟಕ್ಕೇ ಕರೆದೆ. ಹಿಂದಿನ ದಿನ ವಿಜಯವಾಡದಿಂದ ಅತ್ತೆಯೂ ಬಂದಿದ್ದರು, ಅಡುಗೆ ಅವರದೇ.

ಸಾಹೇಬರು ಬಂದವರೇ ಬಳ್ಳಿ ಎಲ್ಲಿ ಎಂದರು. ಮೊದಲು ಊಟ, ಆಮೇಲೆ ಚಮತ್ಕಾರ ಎಂದೆ. ಅತ್ತೆ ಪಪ್ಪು ಬಡಿಸಿದರು, ಅಂದರೆ ಸೊಪ್ಪು ಹಾಕಿದ ತೊವ್ವೆ. ಸಾಹೇಬರು ಎರಡನೇ ಸಲ ಬಡಿಸಿಕೊಂಡು, ಕಹಿ ಹದವಾಗಿದೆ, ಯಾವ ಸೊಪ್ಪಮ್ಮಾ ಎಂದು ಕೇಳಿದರು.

"ನಮ್ಮ ಅಲ್ಲುಡುಗಾರು ಕುಂಡದಲ್ಲಿ ಬೆಳೆಸಿದ್ದು," ಎಂದರು ಅತ್ತೆ, ಅಳಿಯನ ಮೇಲಿನ ಹೆಮ್ಮೆಯಿಂದ. "ಎಲ್ಲ ಎಳೆಯದು. ಒಂದು ಚಿಗುರೂ ದಂಡ ಮಾಡಲಿಲ್ಲ."

ಸಾಹೇಬರು ಎದ್ದು ಹೋಗಿ, ಬೋಳು ಕುಂಡವನ್ನು ಬಹಳ ಹೊತ್ತು ನೋಡಿದರು. "ಬಿಯರ್ ಮಾಡೋಣ ಅಂತ ಬೆಳೆಸಿದ್ದೆ. ಅನ್ನಕ್ಕೆ ಕಲಸಿಬಿಟ್ರಲ್ಲ," ಎಂದರಷ್ಟೆ.

ಆದರೂ ಶಿಫಾರಸು ಬರೆದರು, ದೊಡ್ಡ ಮನಸ್ಸು. ವರ್ಗವೂ ಆಯಿತು, ವಿಜಯವಾಡಕ್ಕೆ. ಅತ್ತೆಯ ಮನೆಯ ಮಹಡಿ ಖಾಲಿಯಿತ್ತು.

ಒಂದೇ ಒಂದು ಸಣ್ಣ ವಿಷಯ ಮಾತ್ರ ನನ್ನ ಕಲ್ಪನೆ, ಒಪ್ಪಿಕೊಳ್ಳುತ್ತೇನೆ. ಎರಡನೇ ಸಲ ಪಪ್ಪು ಬಡಿಸಿಕೊಂಡದ್ದು ಸಾಹೇಬರಲ್ಲ, ನಾನು. ಅದೂ ಕುಂಡ ನೋಡಿ ಬಂದ ಮೇಲೆ.